ವಿಪಿಎನ್ ಆಫ್ ಮಾಡದೆ ಒಂದೆರಡು ಸೈಟನ್ನು ಮಾತ್ರ ಹೊರಗಿಂದ ಓಡಿಸುವುದು ಹೇಗೆ

ಈಗ ನಮ್ಮ ಕಾಸರಗೋಡಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಅಂತ ಯಾವ ಕಡೆ ಹೋದ್ರೂ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪೆನಿಗೆ ಕೆಲ್ಸ ಮಾಡುವವರು ಒಬ್ರಾದ್ರೂ ಸಿಗ್ತಾರೆ. ಇವರದ್ದೆಲ್ಲ ಹೆಚ್ಚುಕಮ್ಮಿ ಒಂದೇ ರಗಳೆ. ಬೆಳಿಗ್ಗೆ ಆಫೀಸಿನ ವಿಪಿಎನ್ ಆನ್ ಮಾಡಿದ್ರೆ ಸಂಜೆ ತನಕ ಅದು ಆನೇ ಇರ್ಬೇಕು, ನಡುವಲ್ಲಿ ಅಪ್ಪ ಬಂದು ಕರೆಂಟ್ ಬಿಲ್ಲು ಕಟ್ಟು ಅಂತಾರೆ, ತಲಪಾಡಿ ಗಡಿಯಿಂದ ಆಚೆ, ಕರ್ನಾಟಕದಲ್ಲಿ ಇರುವ ಜಾಗದ ಆರ್‌ಟಿಸಿ ತೆಗೀಲಿಕ್ಕೆ ಉಂಟು, ಈಚೆ ಇರುವ ಜಾಗದ ತೀರ್ವೆ (ಭೂಕಂದಾಯ) ಕಟ್ಲಿಕ್ಕೆ ಉಂಟು, ಸೈಟು ಓಪನ್ ಮಾಡಿದ್ರೆ ಚಕ್ರ ತಿರುಗ್ತಾ ಇರ್ತದೆ ಬಿಟ್ರೆ ಪೇಜು ಬರುದಿಲ್ಲ, ಇಲ್ಲದಿದ್ರೆ ಆಕ್ಸೆಸ್ ಡಿನೈಡ್ ಅಂತ ಒಂದು ಗೆರೆ ಬರ್ತದೆ. ವಿಪಿಎನ್ ಆಫ್ ಮಾಡಿದ ಕೂಡ್ಲೆ ಅದೇ ಸೈಟು ಸರಾಗ ತೆರೀತದೆ. ಆದ್ರೆ ಆಫ್ ಮಾಡಿದ್ರೆ ಮೀಟಿಂಗ್ ಕಟ್ಟಾಗ್ತದೆ, ಮತ್ತೆ ಲಾಗಿನ್, ಮತ್ತೆ ಒಟಿಪಿ, ಗುಡ್ಡದ ಬುಡದಲ್ಲಿರುವ ಮನೆಗೆ ಒಟಿಪಿ ಬಂದು ಮುಟ್ಟುವಾಗ ಅದರ ಟೈಮು ಮುಗ್ದಿರ್ತದೆ.

ಸೈಟು ಯಾಕೆ ತೆರೆಯುದಿಲ್ಲ ಅಂತ ಮೊದ್ಲು ನೋಡುವ. ವಿಪಿಎನ್ ಆನ್ ಇರುವಾಗ ನಿಮ್ಮ ಟ್ರಾಫಿಕ್ಕು ಒಂದು ಟನಲ್ ಒಳಗೆ ಹೋಗಿ ಕಂಪೆನಿಯ ಸರ್ವರಲ್ಲಿ ಹೊರಗೆ ಬರ್ತದೆ, ಆ ಸರ್ವರು ಸಿಂಗಾಪುರದಲ್ಲೋ ಫ್ರಾಂಕ್‌ಫರ್ಟಲ್ಲೋ ಇದ್ರೆ ಸೈಟಿನವರಿಗೆ ಕಾಣುವುದು ಅಲ್ಲಿಯ ಐಪಿ ಅಡ್ರೆಸ್ಸು, ಅಂದ್ರೆ ಇಂಟರ್ನೆಟ್ಟಲ್ಲಿ ಅದರ ವಿಳಾಸದ ನಂಬ್ರ. ಭಾರತದ ಎಷ್ಟೋ ಸರ್ಕಾರಿ ಸೈಟುಗಳು, ಬ್ಯಾಂಕ್ ಸೈಟುಗಳು ಹೊರದೇಶದ ಐಪಿಗೆ ಉತ್ತರವನ್ನೇ ಕೊಡುದಿಲ್ಲ. ಇನ್ನು ಕೆಲವು ದೇಶ ನೋಡುದಿಲ್ಲ, ಆದ್ರೆ ಡೇಟಾ ಸೆಂಟರಿನ ಐಪಿ ಅಂತ ಗೊತ್ತಾದ್ರೆ ಅನುಮಾನ ಪಡ್ತವೆ, ಯಾಕೆಂದ್ರೆ ಮನೆಯಲ್ಲಿ ಕೂತ ಮನುಷ್ಯರ ಐಪಿ ಸಾಮಾನ್ಯವಾಗಿ ಬ್ರಾಡ್‌ಬ್ಯಾಂಡ್ ಕಂಪೆನಿಯದ್ದೋ ಮೊಬೈಲ್ ಕಂಪೆನಿಯದ್ದೋ ಆಗಿರ್ತದೆ. "ಹಾಗಾದ್ರೆ ವಿಪಿಎನ್ನಲ್ಲಿ ಇಂಡಿಯಾ ಸರ್ವರ್ ಆರಿಸಿದ್ರೆ ಆಯ್ತಲ್ಲ" ಅಂತ ದುಡ್ಡು ಕೊಟ್ಟು ವಿಪಿಎನ್ ತಗೊಂಡವರು ಕೇಳ್ತಾರೆ. ಅದ್ರಲ್ಲೂ ಒಂದು ಗಂಟು ಉಂಟು. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನವರು 2022ರ ಏಪ್ರಿಲ್ 28ಕ್ಕೆ ಒಂದು ಆದೇಶ ಹೊರಡಿಸಿದ್ರು, ವಿಪಿಎನ್ ಕಂಪೆನಿಗಳು ಗ್ರಾಹಕರ ಮಾಹಿತಿಯನ್ನು 5 ವರ್ಷ ಇಟ್ಕೊಳ್ಬೇಕು ಅಂತ. ಅದು ಆಗುದಿಲ್ಲ ಅಂತ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಎಲ್ಲ ಇಲ್ಲಿದ್ದ ಸರ್ವರುಗಳನ್ನು ತೆಗೆದುಬಿಟ್ರು. ಈಗ ಹೆಚ್ಚಿನ ಕಡೆ ಇಂಡಿಯಾ ಅಂತ ತೋರಿಸುವುದು ಹೊರದೇಶದಲ್ಲಿ ಕೂತು ಭಾರತದ ಐಪಿ ಹಾಕ್ಕೊಂಡ ಸರ್ವರು. ಹೆಸರಿಗೆ ಭಾರತ, ಆದ್ರೂ ಡೇಟಾ ಸೆಂಟರೇ. ಬ್ಯಾಂಕಿನ ಸೈಟು ಅದಕ್ಕೂ ಮುಖ ತಿರುಗಿಸಿದ್ರೆ ಆಶ್ಚರ್ಯ ಎಂತ ಇಲ್ಲ.

ಹಾಗಾಗಿ ನಮ್ಗೆ ಬೇಕಾದ್ದು ಇಷ್ಟೆ. ವಿಪಿಎನ್ ಆನ್ ಇರಲಿ, ಆದ್ರೆ ನಾಲ್ಕೈದು ಸೈಟು ಮಾತ್ರ ಮನೆಯ ಮಾಮೂಲಿ ಇಂಟರ್ನೆಟ್ಟಿಂದಲೇ ಹೋಗಲಿ. ಪ್ರಾಕ್ಸಿ ಅಂದ್ರೆ ನಮ್ಮ ಪರವಾಗಿ ಸೈಟಿಗೆ ಹೋಗಿ ಪೇಜು ತಂದುಕೊಡುವ ನಡುವಿನ ಮೆಶಿನು ಅಥವಾ ಪ್ರೋಗ್ರಾಮು. ಇದಕ್ಕೆ ಬ್ರೌಸರಲ್ಲಿ ಪ್ರಾಕ್ಸಿ ರೂಲ್ ಹಾಕಿ ಅಂತ ಎಲ್ಲ ಕಡೆ ಹೇಳ್ತಾರೆ, ಹೇಳುವುದು ಸರಿಯೇ, ಆದ್ರೆ ಅರ್ಧ ಹೇಳಿ ಬಿಡ್ತಾರೆ.

ಹೇಳದೆ ಬಿಡುವ ಅರ್ಧ ಯಾವುದು ಅಂದ್ರೆ, ಬ್ರೌಸರಿನ ಪ್ರಾಕ್ಸಿ ಸೆಟ್ಟಿಂಗಲ್ಲಿ "ನೋ ಪ್ರಾಕ್ಸಿ ಫಾರ್" ಅಂತ ಒಂದು ಡಬ್ಬ ಉಂಟಲ್ಲ, ಅದರಲ್ಲಿ ಸೈಟಿನ ಹೆಸ್ರು ಬರೆದ ಮಾತ್ರಕ್ಕೆ ಆ ಸೈಟು ವಿಪಿಎನ್ನನ್ನು ದಾಟಿ ಹೋಗುದಿಲ್ಲ. ಆ ಡಬ್ಬ ಹೇಳುವುದು "ಈ ಸೈಟಿಗೆ ಪ್ರಾಕ್ಸಿ ಬೇಡ, ನೇರ ಹೋಗು" ಅಂತ. ನೇರ ಅಂದ್ರೆ ಎಲ್ಲಿಗೆ? ಬ್ರೌಸರು ಪ್ಯಾಕೆಟನ್ನು ಆಪರೇಟಿಂಗ್ ಸಿಸ್ಟಮ್ ಕೈಗೆ ಕೊಡ್ತದೆ, ಅಲ್ಲಿಗೆ ಅದರ ಕೆಲ್ಸ ಮುಗೀತು. ಅಲ್ಲಿಂದ ಯಾವ ದಾರಿ ಅಂತ ತೀರ್ಮಾನ ಮಾಡುವುದು ಸಿಸ್ಟಮಿನ ರೂಟಿಂಗ್ ಟೇಬಲ್ಲು, ಆ ಟೇಬಲ್ಲನ್ನು ವಿಪಿಎನ್ ಆಗ್ಲೇ ತನಗೆ ಬೇಕಾದ ಹಾಗೆ ತಿದ್ದಿ ಇಟ್ಟಿರ್ತದೆ. ಮನೆಗೆ ಎಷ್ಟು ಬಾಗಿಲು ಇದ್ರೂ ಮಾರ್ಗಕ್ಕೆ ಇಳೀಲಿಕ್ಕೆ ಒಂದೇ ಗೇಟು ಇದ್ದ ಹಾಗೆ, ನೀವು ಎದುರು ಬಾಗಿಲಿಂದ ಹೊರಟ್ರೂ ಹಿಂದಿನ ಬಾಗಿಲಿಂದ ಹೊರಟ್ರೂ ಕೊನೆಗೆ ಆ ಗೇಟಿಂದ್ಲೇ ಹೋಗ್ಬೇಕು, ಗೇಟಲ್ಲಿ ನಿಂತದ್ದು ವಿಪಿಎನ್ನು.

ರೂಟಿಂಗ್ ಟೇಬಲ್ ಬಗ್ಗೆ ಇನ್ನು ಸ್ವಲ್ಪ ಹೇಳ್ಬೇಕು, ಇದು ಅರ್ಥ ಆದ್ರೆ ಮುಂದಿನದ್ದೆಲ್ಲ ಸುಲಭ. ಯಾವ ಐಪಿಗೆ ಹೋಗ್ಬೇಕಾದ್ರೆ ಯಾವ ದಾರಿ ಅಂತ ಅದರಲ್ಲಿ ಸಾಲು ಸಾಲಾಗಿ ಬರ್ದಿರ್ತದೆ. 0.0.0.0/0 ಅಂತ ಒಂದು ಸಾಲು ಇದ್ರೆ ಅದರ ಅರ್ಥ "ಬೇರೆ ಎಲ್ಲೂ ಹೇಳದೆ ಇರುವ ಎಲ್ಲವೂ ಇಲ್ಲಿಂದ". ಮಾಮೂಲಾಗಿ ಇದು ನಿಮ್ಮ ಮನೆಯ ರೌಟರನ್ನು ತೋರಿಸ್ತದೆ. ಎರಡು ಸಾಲು ಒಂದೇ ಐಪಿಗೆ ಹೊಂದಿದ್ರೆ ಯಾವುದು ಹೆಚ್ಚು ನಿಖರವೋ ಅದು ಗೆಲ್ತದೆ. ಓಪನ್‌ವಿಪಿಎನ್ ಅನ್ನುವ ವಿಪಿಎನ್ ಪ್ರೋಗ್ರಾಮು ಇಲ್ಲಿ ಒಂದು ಜಾಣತನ ಮಾಡ್ತದೆ, ಹಳೆ ಸಾಲನ್ನು ಮುಟ್ಟುದೇ ಇಲ್ಲ, 0.0.0.0/1 ಅಂತ ಒಂದು, 128.0.0.0/1 ಅಂತ ಒಂದು, ಹೀಗೆ ಇಡೀ ಇಂಟರ್ನೆಟ್ಟನ್ನು ಎರಡು ಅರ್ಧ ಮಾಡಿ ಎರಡನ್ನೂ ತನ್ನ ಕಡೆ ತಿರುಗಿಸ್ತದೆ. ಅರ್ಧ ಅಂದ್ರೆ ಪೂರ್ತಿಗಿಂತ ನಿಖರ ಅಲ್ವಾ, ಹಾಗಾಗಿ ಅದೇ ಗೆಲ್ತದೆ. ವೈರ್‌ಗಾರ್ಡ್ ಅನ್ನುವ ಇನ್ನೊಂದರಲ್ಲಿ ಅಲೋಡ್ ಐಪೀಸ್ ಅಂತ ಒಂದು ಸಾಲು ಉಂಟು, ಅದರಲ್ಲಿ 0.0.0.0/0 ಬರೆದ್ರೆ ಎಲ್ಲವೂ ಟನಲ್ಲಿಗೆ. ಆದ್ರೆ ಮನೆಯೊಳಗಿನ ನೆಟ್‌ವರ್ಕ್, ಅಂದ್ರೆ 192.168.1.0/24 ಅಂತ ಇರ್ತದಲ್ಲ, ಅದು ಇವೆಲ್ಲಕ್ಕಿಂತ ನಿಖರವಾದ ಸಾಲು, ಹಾಗಾಗಿ ವಿಪಿಎನ್ ಆನ್ ಇದ್ರೂ ಮನೆಯ ಪ್ರಿಂಟರಿಗೆ ಪ್ರಿಂಟ್ ಕೊಡ್ಲಿಕ್ಕೆ ಆಗ್ತದೆ. ಈ ಪ್ರಿಂಟರ್ ವಿಷಯ ನೆನಪಿಡಿ, ಇದೇ ನಮ್ಗೆ ಆಮೇಲೆ ಉಪಯೋಗಕ್ಕೆ ಬರುದು.

ರೂಟಿಂಗ್ ಟೇಬಲ್ಲಲ್ಲೇ ಸೈಟಿನ ಐಪಿ ಬರೆದು ಹೊರಗೆ ಬಿಡ್ಬಹುದಲ್ಲ ಅಂತ ಕೇಳಿದ್ರೆ, ಬಿಡ್ಬಹುದು, ಆದ್ರೆ ಬಾಳಿಕೆ ಬರುದಿಲ್ಲ. ರೂಟಿಂಗಿಗೆ ಹೆಸ್ರು ಗೊತ್ತಿಲ್ಲ, ಐಪಿ ಮಾತ್ರ ಗೊತ್ತು. ದೊಡ್ಡ ಸೈಟುಗಳೆಲ್ಲ ಈಗ ಸಿಡಿಎನ್ (ಸೈಟಿನ ನಕಲನ್ನು ಹಲವು ಊರಿನ ಸರ್ವರಲ್ಲಿಟ್ಟು ಹಂಚುವ ಜಾಲ) ಹಿಂದೆ ಇರ್ತವೆ, ಇವತ್ತು ಒಂದು ಐಪಿ, ನಾಳೆ ಇನ್ನೊಂದು, ಒಂದೇ ಐಪಿಯಲ್ಲಿ ಸಾವಿರಾರು ಸೈಟು ಕೂತಿರ್ತವೆ, ನೀವು ಒಂದನ್ನು ಹೊರಗೆ ಬಿಟ್ರೆ ಅದರೊಟ್ಟಿಗೆ ಸಂಬಂಧ ಇಲ್ಲದ ಇನ್ನಷ್ಟು ಸೈಟು ಹೊರಗೆ ಬರ್ತವೆ. ಸೈಟಿನ ಹೆಸ್ರು ನೋಡಿ ತೀರ್ಮಾನ ಮಾಡ್ಲಿಕ್ಕೆ ಸರಿಯಾದ ಜಾಗ ಬ್ರೌಸರು, ಯಾಕೆಂದ್ರೆ ನೀವು ಟೈಪ್ ಮಾಡಿದ ಹೆಸ್ರು ಪೂರ್ತಿ ಗೊತ್ತಿರುವುದು ಅದಕ್ಕೆ. ಅಂದ್ರೆ ದಾರಿ ಇರುವುದು ಒಂದು ಕಡೆ, ಹೆಸ್ರು ಇರುವುದು ಇನ್ನೊಂದು ಕಡೆ. ಇವೆರಡನ್ನು ಜೋಡಿಸ್ಲಿಕ್ಕೆ ನಡುವಲ್ಲಿ ಒಂದು ಪ್ರಾಕ್ಸಿ ಬೇಕು, ಆ ಪ್ರಾಕ್ಸಿ ಸ್ವತಃ ವಿಪಿಎನ್ನಿನ ಹೊರಗೆ ಇರ್ಬೇಕು. ಇಷ್ಟೇ ಇದರ ಗುಟ್ಟು.

ಒಂದು ಸಂದರ್ಭ ಮಾತ್ರ ಬೇರೆ. ನಿಮ್ಮ ವಿಪಿಎನ್ ಬ್ರೌಸರಿನ ಎಕ್ಸ್‌ಟೆನ್ಶನ್ ಆಗಿದ್ರೆ, ಅದು ನಿಜವಾಗಿ ವಿಪಿಎನ್ನೇ ಅಲ್ಲ, ಹೆಚ್ಚಿನವು ಬರೀ ಪ್ರಾಕ್ಸಿ. ಅಲ್ಲಿ ನೇರ ಅಂದ್ರೆ ನಿಜವಾಗಿಯೂ ನೇರವೇ, ಎಕ್ಸ್‌ಟೆನ್ಶನ್ನಿನ ಸೆಟ್ಟಿಂಗಲ್ಲಿ ಬೈಪಾಸ್ ಲಿಸ್ಟ್ ಅಂತಲೋ ಸ್ಪ್ಲಿಟ್ ಟನಲಿಂಗ್ (ಕೆಲವನ್ನು ಮಾತ್ರ ಟನಲಿನ ಹೊರಗೆ ಬಿಡುವುದು) ಅಂತಲೋ ಇದ್ರೆ ಸೈಟಿನ ಹೆಸ್ರು ಹಾಕಿ, ಕೆಲ್ಸ ಮುಗೀತು, ಮುಂದೆ ಓದ್ಬೇಕು ಅಂತಿಲ್ಲ.

ಉಳಿದವರಿಗೆ ಮೂರು ದಾರಿ ಉಂಟು, ಅದ್ರಲ್ಲಿ ಮೊದಲನೆಯದ್ದರಲ್ಲಿ ಪ್ರಾಕ್ಸಿಯ ಸುದ್ದಿಯೇ ಬರುದಿಲ್ಲ. ವಿಪಿಎನ್ ಆ್ಯಪಲ್ಲಿ ಸ್ಪ್ಲಿಟ್ ಟನಲಿಂಗ್ ಇದ್ರೆ ಒಂದು ಬ್ರೌಸರನ್ನು ಪೂರ್ತಿ ಹೊರಗೆ ಹಾಕಿ. ಕ್ರೋಮ್ ಆಫೀಸಿಗೆ, ಫೈರ್‌ಫಾಕ್ಸ್ ಮನೆಗೆ. ಆ್ಯಂಡ್ರಾಯ್ಡಲ್ಲಿ 5.0ರಿಂದಲೇ ಇದಕ್ಕೆ ಸೌಕರ್ಯ ಉಂಟು, ಆದ್ರೆ ವಿಪಿಎನ್ ಆ್ಯಪ್ ಅದನ್ನು ತೋರಿಸ್ಬೇಕು. ಐಫೋನಲ್ಲಿ ಆ್ಯಪ್ ಆ್ಯಪಿಗೆ ಬೇರೆ ಮಾಡುವುದು ಕಂಪೆನಿ ಮ್ಯಾನೇಜ್ ಮಾಡುವ ಫೋನಿಗೆ ಮಾತ್ರ ಅಂತ ಇಟ್ಟಿದ್ದಾರೆ. ಮನೆಯವರಿಗೆ ಹೇಳಿಕೊಡ್ಲಿಕ್ಕೆ ಇದರಷ್ಟು ಸುಲಭ ಬೇರೆ ಯಾವುದೂ ಇಲ್ಲ, "ನರಿ ಚಿತ್ರ ಇರುವುದರಲ್ಲಿ ಬಿಲ್ಲು ಕಟ್ಟಿ" ಅಂದ್ರೆ ಆಯ್ತು.

ಎರಡನೆಯದ್ದು, ಮನೆಯಲ್ಲಿ ಇನ್ನೊಂದು ಮೆಶಿನಲ್ಲಿ ಪ್ರಾಕ್ಸಿ ಓಡಿಸುವುದು. ಪ್ರಿಂಟರ್ ಅಂತ ಹೇಳಿದ್ದು ಇದಕ್ಕೇ. ಲ್ಯಾಪ್‌ಟಾಪಿನ ಗೇಟಲ್ಲಿ ವಿಪಿಎನ್ ನಿಂತಿದ್ರೂ ಮನೆಯೊಳಗಿನ 192.168.1.20ಕ್ಕೆ ಹೋಗ್ಲಿಕ್ಕೆ ಅದು ಅಡ್ಡಿ ಮಾಡುದಿಲ್ಲ. ಆ 192.168.1.20 ಅಂದ್ರೆ ಡ್ರಾವರಲ್ಲಿ ಬಿದ್ದಿರುವ ಹಳೆ ಆ್ಯಂಡ್ರಾಯ್ಡ್ ಫೋನ್ ಆಗ್ಬಹುದು, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಆಗ್ಬಹುದು, ತಂಗಿಯ ಹಳೆ ಲ್ಯಾಪ್‌ಟಾಪ್ ಆಗ್ಬಹುದು. ಅದರಲ್ಲಿ ವಿಪಿಎನ್ ಇಲ್ಲ, ಅದು ಹೊರಗೆ ಹೋಗುವುದು ಮನೆಯ ಬ್ರಾಡ್‌ಬ್ಯಾಂಡಿಂದಲೇ. ನಿಮ್ಮ ಬ್ರೌಸರು ಬಿಲ್ಲಿನ ಸೈಟಿಗೆ ಹೋಗ್ಬೇಕಾದಾಗ ಆ ಫೋನಿಗೆ ಹೇಳ್ತದೆ, ಫೋನು ಹೋಗಿ ತಂದು ಕೊಡ್ತದೆ.

ಫೋನಲ್ಲಿ ಮಾಡುವುದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಹೆಚ್ಚಿನವರ ಹತ್ರ ಇರುವುದು ಅದೇ. ಪ್ಲೇ ಸ್ಟೋರಲ್ಲಿ ಎವ್ರಿ ಪ್ರಾಕ್ಸಿ ಅಂತ ಆ್ಯಪ್ ಉಂಟು, ಹಾಕಿ ಎಚ್‌ಟಿಟಿಪಿ ಪ್ರಾಕ್ಸಿ ಆನ್ ಮಾಡಿದ್ರೆ ಐಪಿ ಮತ್ತೆ ಪೋರ್ಟ್ ನಂಬ್ರ ಸ್ಕ್ರೀನಲ್ಲೇ ತೋರಿಸ್ತದೆ, 192.168.1.20, ಪೋರ್ಟ್ 8080, ಹೀಗೆ ಎಂತಾದ್ರೂ. ಇದು ನಾಳೆ ಬದಲಾದ್ರೆ ನಿಮ್ಮ ರೂಲೆಲ್ಲ ಹಾಳು, ಹಾಗಾಗಿ ರೌಟರಿನ ಪೇಜಿಗೆ ಹೋಗಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುವಲ್ಲಿ ಆ ಫೋನಿಗೆ ಆ ಐಪಿಯನ್ನೇ ಕಾಯಂ ಮಾಡಿ. ಆ್ಯಂಡ್ರಾಯ್ಡ್ 10ರಿಂದ ಮೇಲೆ ಫೋನು ವೈಫೈಗೆ ತನ್ನ ನಿಜವಾದ ಮ್ಯಾಕ್ ಅಡ್ರೆಸ್ (ರೌಟರು ಫೋನನ್ನು ಗುರ್ತು ಹಿಡಿಯುವ ನಂಬ್ರ) ಕೊಡುದಿಲ್ಲ, ಒಂದು ಸುಳ್ಳು ಮ್ಯಾಕ್ ಮಾಡ್ಕೊಳ್ತದೆ, ಮನೆಯ ವೈಫೈಗೆ ಮಾತ್ರ ಡಿವೈಸ್ ಮ್ಯಾಕ್ ಬಳಸು ಅಂತ ಬದಲಾಯಿಸಿದ್ರೆ ತಲೆಬಿಸಿ ಕಮ್ಮಿ. ಮತ್ತೆ ಬ್ಯಾಟರಿ ಆಪ್ಟಿಮೈಸೇಶನ್ ಆ ಆ್ಯಪಿಗೆ ಆಫ್ ಮಾಡ್ಲೇಬೇಕು, ಇಲ್ಲದಿದ್ರೆ ಸ್ಕ್ರೀನ್ ಆಫ್ ಆಗಿ ಸ್ವಲ್ಪ ಹೊತ್ತಿಗೆ ಆ್ಯಂಡ್ರಾಯ್ಡ್ ಅದನ್ನು ಮಲಗಿಸಿಬಿಡ್ತದೆ, ನೀವು ಇಲ್ಲಿ ಸೈಟು ಯಾಕೆ ಬರುದಿಲ್ಲ ಅಂತ ರೂಲು ತಿದ್ದುತ್ತಾ ಕೂತಿರ್ತೀರಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮ ಕಡೆ ಪೈಗಿಂತ ಹಳೆ ಫೋನೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಅದಕ್ಕೆ ಹೊಟ್ಟೆಯೊಳಗೇ ಬ್ಯಾಟರಿ ಉಂಟು.

ಪಾಸ್‌ವರ್ಡೆಲ್ಲ ಆ ಹಳೆ ಫೋನಿಗೆ ಗೊತ್ತಾಗ್ತದಾ ಅಂತ ಹೆದರ್ಬೇಡಿ. ಎಚ್‌ಟಿಟಿಪಿಎಸ್ ಸೈಟಿಗೆ ಹೋಗುವಾಗ ಬ್ರೌಸರು ಪ್ರಾಕ್ಸಿಗೆ ಕನೆಕ್ಟ್ ಅಂತ ಒಂದು ಆಜ್ಞೆ ಕೊಡ್ತದೆ, "ಇಂಥ ಹೆಸರಿನ ಸೈಟಿಗೆ, 443ನೇ ಪೋರ್ಟಿಗೆ ಸಂಪರ್ಕ ಮಾಡಿ ಕೊಡು" ಅಂತ ಅಷ್ಟೆ. ಅದರ ಮೇಲೆ ಹೋಗುವುದೆಲ್ಲ ಬೀಗ ಹಾಕಿದ ಮಾಲು, ಪ್ರಾಕ್ಸಿಗೆ ಕಾಣುವುದು ಸೈಟಿನ ಹೆಸ್ರು ಮಾತ್ರ. ಹಾಗಂತ ಇಂಟರ್ನೆಟ್ಟಲ್ಲಿ ಸಿಗುವ ಫ್ರೀ ಪ್ರಾಕ್ಸಿ ಲಿಸ್ಟಿಂದ ಯಾವುದೋ ಒಂದನ್ನು ತಂದು ಬ್ಯಾಂಕಿನ ಸೈಟಿಗೆ ಹಾಕುವುದು ಶುದ್ಧ ಮೂರ್ಖತನ, ನೀವು ಯಾವ ಬ್ಯಾಂಕಿಗೆ ಎಷ್ಟು ಹೊತ್ತಿಗೆ ಹೋಗ್ತೀರಿ ಅಂತ ಗುರ್ತಿಲ್ಲದವರಿಗೆ ಯಾಕೆ ಹೇಳ್ಬೇಕು.

ಇನ್ನು ಬ್ರೌಸರಲ್ಲಿ ರೂಲು. ಇದಕ್ಕೆ ನಾನು ಫೈರ್‌ಫಾಕ್ಸನ್ನೇ ಹೇಳುದು, ಯಾಕೆಂದ್ರೆ ಅದಕ್ಕೆ ಅದರದ್ದೇ ಪ್ರಾಕ್ಸಿ ಸೆಟ್ಟಿಂಗ್ ಉಂಟು. ಕ್ರೋಮ್, ಎಡ್ಜ್ ಎರಡೂ ವಿಂಡೋಸಿನ ಸೆಟ್ಟಿಂಗನ್ನೇ ತಗೊಳ್ತವೆ, ಅಲ್ಲಿ ಬದಲಾಯಿಸಿದ್ರೆ ಬೇರೆ ಆ್ಯಪುಗಳಿಗೂ ತಾಗ್ತದೆ, ಆಫೀಸಿನ ಮೇಲ್ ಆ್ಯಪ್ ಯಾಕೋ ಮುಷ್ಕರ ಹೂಡಿದ್ರೆ ಕಾರಣ ಹುಡುಕ್ಲಿಕ್ಕೆ ಅರ್ಧ ದಿನ ಬೇಕು. ರೂಲು ಬರೀಲಿಕ್ಕೆ ಸುಲಭದ್ದು ಫಾಕ್ಸಿಪ್ರಾಕ್ಸಿ ಅಂತ ಎಕ್ಸ್‌ಟೆನ್ಶನ್, ಕ್ರೋಮಿಗೂ ಉಂಟು. ಅದರಲ್ಲಿ ಹೊಸ ಪ್ರಾಕ್ಸಿ ಸೇರಿಸಿ ಫೋನಿನ ಐಪಿ, ಪೋರ್ಟ್ ಹಾಕುವುದು, ಕೆಳಗೆ ಪ್ಯಾಟರ್ನ್ ಅಂತ ಇರುವಲ್ಲಿ ಯಾವ ಯಾವ ಸೈಟು ಅಂತ ಬರೆಯುವುದು, ಆಮೇಲೆ ಮೇಲಿನ ಐಕಾನ್ ಒತ್ತಿ "ಪ್ರಾಕ್ಸಿ ಬೈ ಪ್ಯಾಟರ್ನ್ಸ್" ಆರಿಸುವುದು. ಈ ಕೊನೇದ್ದನ್ನು ಮರೆತ್ರೆ ಒಂದೋ ಎಲ್ಲವೂ ಪ್ರಾಕ್ಸಿಗೆ ಹೋಗ್ತದೆ ಇಲ್ಲ ಯಾವುದೂ ಹೋಗುದಿಲ್ಲ. ಪ್ಯಾಟರ್ನಿಗೆ ಹೊಂದದೆ ಇರುವ ಸೈಟುಗಳೆಲ್ಲ ಹಿಂದಿನ ಹಾಗೆಯೇ, ಅಂದ್ರೆ ವಿಪಿಎನ್ ಒಳಗಿಂದ್ಲೇ.

ಎಕ್ಸ್‌ಟೆನ್ಶನ್ ಬೇಡ ಅನ್ನುವವರಿಗೆ ಹಳೆಯ ದಾರಿ ಪ್ಯಾಕ್ ಫೈಲ್. ಪ್ರಾಕ್ಸಿ ಆಟೋ ಕಾನ್ಫಿಗ್ ಅಂತ, ನೆಟ್‌ಸ್ಕೇಪಿನವರು 1996ರಲ್ಲಿ ನ್ಯಾವಿಗೇಟರ್ 2.0ಕ್ಕೆ ಮಾಡಿದ್ದು, ಆ ಕಂಪೆನಿ ಹೋಯ್ತು, ಬ್ರೌಸರೂ ಹೋಯ್ತು, ಈ ಫೈಲ್ ಮಾತ್ರ ಇನ್ನೂ ಎಲ್ಲ ಬ್ರೌಸರಲ್ಲೂ ಓಡ್ತದೆ. ಇದು ಒಂದು ಸಣ್ಣ ಜಾವಾಸ್ಕ್ರಿಪ್ಟ್ ಫೈಲು, ಒಳಗೆ ಫೈಂಡ್‌ಪ್ರಾಕ್ಸಿಫಾರ್‌ಯುಆರ್‌ಎಲ್ ಅಂತ ಒಂದೇ ಫಂಕ್ಷನ್. ಬ್ರೌಸರು ಪ್ರತಿ ಸಲ ಏನಾದ್ರೂ ತೆರೆಯುವ ಮೊದ್ಲು ಆ ಫಂಕ್ಷನ್ನಿಗೆ ಯುಆರ್‌ಎಲ್ ಮತ್ತೆ ಹೋಸ್ಟಿನ ಹೆಸ್ರು ಕೊಟ್ಟು "ಇದಕ್ಕೆ ಯಾವ ದಾರಿ" ಅಂತ ಕೇಳ್ತದೆ. ಫಂಕ್ಷನ್ನು ಡೈರೆಕ್ಟ್ ಅಂತಲೋ, ಪ್ರಾಕ್ಸಿ ಅಂತ ಬರೆದು ಐಪಿ ಮತ್ತು ಪೋರ್ಟನ್ನೋ, ಸಾಕ್ಸ್5 (ಇನ್ನೊಂದು ಬಗೆಯ ಪ್ರಾಕ್ಸಿ) ಅಂತ ಬರೆದು ಐಪಿ ಮತ್ತು ಪೋರ್ಟನ್ನೋ ಉತ್ತರವಾಗಿ ಕೊಡ್ತದೆ. ಉತ್ತರದಲ್ಲಿ ಸೆಮಿಕೋಲನ್ ಹಾಕಿ ಎರಡು ಮೂರು ದಾರಿ ಬರೀಬಹುದು, ಮೊದಲನೆಯದ್ದು ಸತ್ತಿದ್ರೆ ಎರಡನೆಯದ್ದಕ್ಕೆ ಹೋಗ್ತದೆ. ನಮ್ಮ ಈ ಕೇಸಲ್ಲಿ ಮೊದ್ಲು ಫೋನಿನ ಪ್ರಾಕ್ಸಿ, ಆಮೇಲೆ ಡೈರೆಕ್ಟ್ ಅಂತ ಇಟ್ರೆ ಫೋನ್ ಆಫ್ ಆದಾಗ ಸೈಟು ವಿಪಿಎನ್ ಮೂಲಕ ಹೋಗ್ಲಿಕ್ಕೆ ನೋಡ್ತದೆ. ತೆರೀದೆ ಇರ್ಬಹುದು, ಆದ್ರೆ ಅಪಾಯ ಎಂತ ಇಲ್ಲ.

ಹೆಸ್ರು ಹೊಂದಿಸುವಲ್ಲಿ ಒಂದು ಕಡೆ ಎಲ್ಲರೂ ಎಡವ್ತಾರೆ. ಡಿಎನ್‌ಎಸ್‌ಡೊಮೈನ್‌ಈಸ್ ಅಂತ ಒಂದು ಸಿದ್ಧ ಫಂಕ್ಷನ್ ಉಂಟು, ಅದು ಮಾಡುವುದು ಹೆಸರಿನ ಬಾಲ ನೋಡುವುದು ಮಾತ್ರ. ನೀವು ಎದುರಿಗೆ ಡಾಟ್ ಇಲ್ಲದೆ ಬರೀ ಕೆಎಸ್‌ಇಬಿ ಡಾಟ್ ಇನ್ (ಕೇರಳದ ವಿದ್ಯುತ್ ಮಂಡಳಿಯ ಸೈಟು) ಅಂತ ಕೊಟ್ರೆ ಮೈಕೆಎಸ್‌ಇಬಿ ಡಾಟ್ ಇನ್ ಅಂತ ಯಾರಾದ್ರೂ ಕಳ್ಳರು ಮಾಡಿದ ಸೈಟಿದ್ರೆ ಅದೂ ಹೊಂದ್ತದೆ, ಅದರ ಬಾಲವೂ ಅದೇ ಅಲ್ವಾ. ಎದುರಿಗೆ ಡಾಟ್ ಹಾಕಿ ಕೊಟ್ರೆ ಡಬ್ಲ್ಯುಎಸ್‌ಎಸ್ ಡಾಟ್ ಕೆಎಸ್‌ಇಬಿ ಡಾಟ್ ಇನ್ ಹೊಂದ್ತದೆ, ಆದ್ರೆ ಎದುರಿಗೆ ಎಂತದೂ ಇಲ್ಲದ ಬರೀ ಕೆಎಸ್‌ಇಬಿ ಡಾಟ್ ಇನ್ ಹೊಂದುದಿಲ್ಲ. ಹಾಗಾಗಿ ಎರಡೂ ಬರೀಬೇಕು: ಹೋಸ್ಟ್ ಸರಿಯಾಗಿ ಇದೇ ಆಗಿದ್ರೆ, ಅಥವಾ ಡಾಟ್ ಸಮೇತ ಈ ಬಾಲ ಇದ್ರೆ. ಕೇರಳ ಸರ್ಕಾರದ್ದು ಪೂರ್ತಿ ಬೇಕಾದ್ರೆ ಡಾಟ್ ಕೇರಳ ಡಾಟ್ ಗವ್ ಡಾಟ್ ಇನ್, ಆಚೆಯದ್ದು ಬೇಕಾದ್ರೆ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಗಡಿಯ ಎರಡೂ ಕಡೆ ಜಾಗ ಇರುವವರಿಗೆ ಎರಡೂ ಬೇಕಾಗ್ತದೆ, ಈಚೆ ತೀರ್ವೆ, ಆಚೆ ಆರ್‌ಟಿಸಿ.

ಪ್ಯಾಕಲ್ಲಿ ಐಪಿ ನೋಡುವ ಫಂಕ್ಷನ್ನುಗಳೂ ಉಂಟು, ಈಸ್‌ಇನ್‌ನೆಟ್, ಡಿಎನ್‌ಎಸ್‌ರಿಸಾಲ್ವ್ ಅಂತ, ಅವನ್ನು ಆದಷ್ಟು ಮುಟ್ಬೇಡಿ, ಅವು ಪ್ರತಿ ಸಲ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಕೇಳ್ಲಿಕ್ಕೆ ಹೋಗ್ತವೆ, ಬ್ರೌಸಿಂಗ್ ಆಮೆ ಆಗ್ತದೆ. ಮತ್ತೆ ಎಚ್‌ಟಿಟಿಪಿಎಸ್ ಸೈಟಿಗೆ ಬ್ರೌಸರು ಈಗ ಪ್ಯಾಕ್ ಫೈಲಿಗೆ ಯುಆರ್‌ಎಲ್ಲನ್ನು ಪೂರ್ತಿ ಕೊಡುದಿಲ್ಲ, ಹೋಸ್ಟ್ ತನಕ ಮಾತ್ರ, ಮೊದ್ಲು ಕೊಡ್ತಿತ್ತು, ಅದನ್ನು ದುರುಪಯೋಗ ಮಾಡ್ಲಿಕ್ಕೆ ಆಗ್ತದೆ ಅಂತ 2016ರ ಹೊತ್ತಿಗೆ ಕತ್ತರಿ ಹಾಕಿದ್ರು. ಹಾಗಾಗಿ ಒಂದೇ ಸೈಟಿನ ಪೇಮೆಂಟ್ ಪೇಜು ಮಾತ್ರ ಹೊರಗೆ, ಉಳಿದದ್ದು ಒಳಗೆ ಅಂತ ರೂಲು ಬರೀಲಿಕ್ಕೆ ಬರುದಿಲ್ಲ.

ಫೈಲು ಸೇವ್ ಮಾಡಿ ಫೈರ್‌ಫಾಕ್ಸಿನ ಸೆಟ್ಟಿಂಗ್ಸ್, ಜನರಲ್, ತೀರಾ ಕೆಳಗೆ ನೆಟ್‌ವರ್ಕ್ ಸೆಟ್ಟಿಂಗ್ಸ್, ಅಲ್ಲಿ ಆಟೋಮ್ಯಾಟಿಕ್ ಪ್ರಾಕ್ಸಿ ಕಾನ್ಫಿಗರೇಶನ್ ಯುಆರ್‌ಎಲ್ ಅಂತ ಇರುವಲ್ಲಿ ಫೈಲಿನ ಜಾಗ ಕೊಡ್ಬೇಕು. ಪಕ್ಕದಲ್ಲೇ ರೀಲೋಡ್ ಬಟನ್ ಉಂಟು, ಫೈಲು ತಿದ್ದಿದಾಗೆಲ್ಲ ಅದನ್ನು ಒತ್ಬೇಕು. ಅದೇ ಪೇಜಲ್ಲಿ "ಆಟೋ ಡಿಟೆಕ್ಟ್" ಅಂತ ಒಂದು ಆಯ್ಕೆ ಕಾಣ್ತದೆ, ಅದನ್ನು ಆರಿಸಿದ್ರೆ ಬ್ರೌಸರು ನೆಟ್‌ವರ್ಕಲ್ಲಿ ಯಾರಾದ್ರೂ ಪ್ಯಾಕ್ ಫೈಲ್ ಹಂಚ್ತಾ ಇದ್ದಾರಾ ಅಂತ ಕೇಳಿ ಸಿಕ್ಕಿದ್ದನ್ನು ನಂಬ್ತದೆ, ಮನೆಯಲ್ಲಿ ಇರ್ಲಿ, ರೈಲ್ವೇ ಸ್ಟೇಶನ್ನಿನ ವೈಫೈಯಲ್ಲಿ ಯಾರದ್ದೋ ಫೈಲನ್ನು ಯಾಕೆ ನಂಬ್ಬೇಕು. ಅದನ್ನು ಬಿಟ್ಟುಬಿಡಿ.

ಈಗ ಮೂರನೆಯ ದಾರಿ, ನನ್ನ ಪ್ರಕಾರ ಇದೇ ಸರಿಯಾದ್ದು. ಉಲ್ಟಾ ಮಾಡುವುದು. ಎಲ್ಲವನ್ನೂ ವಿಪಿಎನ್ನಿಗೆ ಹಾಕಿ ನಾಲ್ಕನ್ನು ಹೊರಗೆ ತೆಗೆಯುವ ಬದ್ಲು, ಎಲ್ಲವೂ ಮನೆಯ ಇಂಟರ್ನೆಟ್ಟಲ್ಲೇ ಹೋಗಲಿ, ಆಫೀಸಿನ ನಾಲ್ಕು ಸೈಟು ಮಾತ್ರ ಟನಲ್ಲಿಗೆ ಹೋಗಲಿ. ವಿಪಿಎನ್ ನಿಮ್ಮದೇ ಆಗಿದ್ರೆ, ವೈರ್‌ಗಾರ್ಡಿನ ಕಾನ್ಫಿಗ್ ನಿಮ್ಮ ಕೈಯಲ್ಲಿದ್ರೆ, ಅಲೋಡ್ ಐಪೀಸ್ ಸಾಲಲ್ಲಿ 0.0.0.0/0 ತೆಗೆದು ಆಫೀಸಿನ 10.0.0.0/8ರ ಥರದ ಒಳಗಿನ ನೆಟ್‌ವರ್ಕ್ ಮಾತ್ರ ಬರೆದ್ರೆ ಅಲ್ಲಿಗೇ ಮುಗೀತು, ಪ್ರಾಕ್ಸಿಯೂ ಬೇಡ. ಹೆಸರಿನ ಮೇಲೆಯೇ ಬೇರೆ ಮಾಡ್ಬೇಕು ಅಂತಿದ್ರೆ ವೈರ್‌ಪ್ರಾಕ್ಸಿ ಅಂತ ಒಂದು ಸಣ್ಣ ಪ್ರೋಗ್ರಾಮ್ ಉಂಟು, ಅದು ವೈರ್‌ಗಾರ್ಡ್ ಟನಲ್ಲನ್ನು ಸಿಸ್ಟಮಿನ ರೂಟಿಂಗ್ ಮುಟ್ಟದೆ ತನ್ನೊಳಗೇ ತೆರೆದು 127.0.0.1ರಲ್ಲಿ, ಅಂದ್ರೆ ನಿಮ್ಮದೇ ಮೆಶಿನಲ್ಲಿ, ಒಂದು ಸಾಕ್ಸ್5 ಪ್ರಾಕ್ಸಿಯಾಗಿ ಕೊಡ್ತದೆ. ಎಸ್‌ಎಸ್‌ಎಚ್ ಸರ್ವರ್ (ಬೀಗ ಹಾಕಿದ ದಾರಿಯಲ್ಲಿ ದೂರದಿಂದ ಲಾಗಿನ್ ಆಗುವಂಥದ್ದು) ಇದ್ರೆ ಅದರ ಆಜ್ಞೆಗೆ ಮೈನಸ್ ಡಿ, 1080 ಅಂತ ಕೊಟ್ರೆ ಅದೂ ಅದೇ ಕೆಲ್ಸ ಮಾಡ್ತದೆ. ಆಮೇಲೆ ಪ್ಯಾಕ್ ಫೈಲಲ್ಲಿ ಆಫೀಸಿನ ಡೊಮೈನ್ ಆದ್ರೆ ಸಾಕ್ಸ್5 127.0.0.1:1080, ಉಳಿದದ್ದೆಲ್ಲ ಡೈರೆಕ್ಟ್. ಇಲ್ಲಿ ಡೈರೆಕ್ಟ್ ಅಂದ್ರೆ ನಿಜವಾದ ಡೈರೆಕ್ಟ್, ಗೇಟಲ್ಲಿ ಯಾರೂ ನಿಂತಿಲ್ಲ. ಒಂದು ಎಚ್ಚರಿಕೆ, ಆಫೀಸಿನ ಸಾಲಿಗೆ ಮಾತ್ರ ಕೊನೆಗೆ ಸೆಮಿಕೋಲನ್ ಹಾಕಿ ಡೈರೆಕ್ಟ್ ಅಂತ ಬರೀಬೇಡಿ, ಟನಲ್ ಬಿದ್ರೆ ಆಫೀಸಿನ ಟ್ರಾಫಿಕ್ಕು ಸದ್ದಿಲ್ಲದೆ ಹೊರಗಿಂದ ಹೋಗ್ತದೆ, ನಿಮ್ಗೆ ಗೊತ್ತೇ ಆಗುದಿಲ್ಲ.

ಈ ದಾರಿಯಲ್ಲಿ ಡಿಎನ್‌ಎಸ್ ಒಂದು ಕೈ ಕೊಡ್ತದೆ. ಆಫೀಸಿನ ಒಳಗಿನ ಹೆಸರುಗಳು ಆಫೀಸಿನ ಡಿಎನ್‌ಎಸ್ಸಿಗೆ ಮಾತ್ರ ಗೊತ್ತು, ಮನೆಯ ಬ್ರಾಡ್‌ಬ್ಯಾಂಡಿನ ಡಿಎನ್‌ಎಸ್ಸಿಗೆ ಕೇಳಿದ್ರೆ ಹಾಗೊಂದು ಹೆಸ್ರೇ ಇಲ್ಲ ಅಂತ ಹೇಳ್ತದೆ. ಅದಕ್ಕೆ ಫೈರ್‌ಫಾಕ್ಸಲ್ಲಿ "ಪ್ರಾಕ್ಸಿ ಡಿಎನ್‌ಎಸ್ ವೆನ್ ಯೂಸಿಂಗ್ ಸಾಕ್ಸ್ ವಿ5" ಅಂತ ಇರುವ ಡಬ್ಬಕ್ಕೆ ಟಿಕ್ ಹಾಕ್ಬೇಕು, ಆಗ ಹೆಸರನ್ನು ಐಪಿ ಮಾಡುವ ಕೆಲ್ಸವೂ ಪ್ರಾಕ್ಸಿಯ ಆಚೆ ತುದಿಯಲ್ಲಿ ಆಗ್ತದೆ. ಕ್ರೋಮ್ ಸಾಕ್ಸ್5 ಇದ್ರೆ ಕೇಳದೆಯೇ ಹಾಗೆ ಮಾಡ್ತದೆ.

ರೂಲು ಹಾಕಿದ ಮೇಲೆ ಅರ್ಧ ಪೇಜು ಬಂದು ಅರ್ಧ ಬರದೆ ಇರುವುದು ಬಹಳ ಸಾಮಾನ್ಯ. ಸೈಟಿನ ಹೆಸ್ರು ಒಂದು, ಅದು ಚಿತ್ರ ತರುವುದು ಇನ್ನೊಂದು ಡೊಮೈನಿಂದ, ಲಾಗಿನ್ ಮೂರನೆಯದ್ದು, ದುಡ್ಡು ಕಟ್ಟುವಾಗ ಪೇಮೆಂಟ್ ಗೇಟ್‌ವೇ ನಾಲ್ಕನೆಯದ್ದು, ಅಲ್ಲಿಂದ ನಿಮ್ಮ ಬ್ಯಾಂಕು ಐದನೆಯದ್ದು. ರೂಲಲ್ಲಿ ಮೊದಲನೆಯದ್ದು ಮಾತ್ರ ಇದ್ರೆ ಬಿಲ್ಲು ಸರಿಯಾಗಿ ಕಾಣ್ತದೆ, ಪೇ ಒತ್ತಿದ ಮೇಲೆ ವಿಪಿಎನ್ ಒಳಗೆ ಹೋಗಿ ನಿಂತುಬಿಡ್ತದೆ. ದುಡ್ಡಿನ ವಿಷಯದಲ್ಲಿ ಇದು ಬರೀ ಕಿರಿಕಿರಿ ಅಲ್ಲ, ಒಂದೇ ಸೆಶನ್ನಿನ ನಡುವಲ್ಲಿ ಐಪಿ ಬದಲಾದ್ರೆ ಕೆಲವು ಬ್ಯಾಂಕ್ ಸೈಟುಗಳು ಲಾಗೌಟ್ ಮಾಡಿಬಿಡ್ತವೆ, ಪೇಮೆಂಟ್ ಆಯ್ತಾ ಇಲ್ವಾ ಅಂತ ಗೊತ್ತಾಗದ ಸ್ಥಿತಿ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದು ಪೇಜನ್ನು ರಿಫ್ರೆಶ್ ಮಾಡಿ, ಕೆಂಪು ಬಣ್ಣದಲ್ಲಿ ಬರುವ ಸಾಲುಗಳ ಡೊಮೈನ್ ನೋಡಿ, ಅದನ್ನು ರೂಲಿಗೆ ಸೇರಿಸಿ, ಪುನಃ ನೋಡಿ. ಮೊದಲ ಸಲ ಇದನ್ನು ನಿಜವಾದ ಬಿಲ್ಲು ಕಟ್ಟುವಾಗ ಮಾಡ್ಬೇಡಿ, ದೊಡ್ಡ ಮೊತ್ತದ್ದಂತೂ ಬೇಡವೇ ಬೇಡ. ಇಷ್ಟು ಪೇಚಾಟ ಬೇಡ ಅನ್ನುವವರು ಫೈರ್‌ಫಾಕ್ಸಿನ ಮಲ್ಟಿ-ಅಕೌಂಟ್ ಕಂಟೇನರ್ಸ್ ಅನ್ನುವ ಎಕ್ಸ್‌ಟೆನ್ಶನ್ ನೋಡಿ, ಅದು ಟ್ಯಾಬುಗಳನ್ನು ಬೇರೆ ಬೇರೆ ಗುಂಪು, ಅಂದ್ರೆ ಕಂಟೇನರ್, ಮಾಡಿ ಇಡ್ತದೆ, ಒಂದು ಕಂಟೇನರಿಗೆ ಒಂದು ಪ್ರಾಕ್ಸಿ ಅಂತ ಕಟ್ಟಿಹಾಕ್ಲಿಕ್ಕೆ ಬರ್ತದೆ, ಆ ಟ್ಯಾಬಲ್ಲಿ ಎಷ್ಟು ಡೊಮೈನ್ ಸುತ್ತಿದ್ರೂ ಎಲ್ಲವೂ ಫೋನಿನ ಪ್ರಾಕ್ಸಿಯಿಂದಲೇ ಹೋಗ್ತದೆ. ಬ್ಯಾಂಕಿನ ಕೆಲ್ಸಕ್ಕೆ ಡೊಮೈನ್ ರೂಲಿಗಿಂತ ಇದೇ ಲಾಯ್ಕ.

ಸರಿಯಾಗಿದೆಯಾ ಅಂತ ಕಂಡುಹಿಡಿಯುವುದು ಸುಲಭ. ನಿಮ್ಮ ಐಪಿ ತೋರಿಸುವ ಸೈಟು ಬೇಕಷ್ಟು ಉಂಟು, ಇಫ್‌ಕಾನ್ಫಿಗ್ ಡಾಟ್ ಮಿ ಅಂತ ಒಂದು, ಐಪಿಇನ್ಫೋ ಡಾಟ್ ಐಒ ಅಂತ ಒಂದು. ಮೊದಲನೆಯದ್ದನ್ನು ರೂಲಿಗೆ ಸೇರಿಸಿ, ಎರಡನೆಯದ್ದನ್ನು ಬಿಟ್ಟುಬಿಡಿ, ಎರಡನ್ನೂ ಅಕ್ಕಪಕ್ಕ ತೆರೀರಿ. ಎರಡರಲ್ಲೂ ಬೇರೆ ಬೇರೆ ಐಪಿ ಬಂದ್ರೆ ರೂಲು ಕೆಲ್ಸ ಮಾಡ್ತಾ ಉಂಟು. ಹೊರಗಿನ ಐಪಿಯ ಊರು ಕಾಸರಗೋಡು ಅಂತಲೇ ತೋರಿಸ್ಬೇಕು ಅಂತಿಲ್ಲ, ಕೊಚ್ಚಿಯೋ ಚೆನ್ನೈಯೋ ಬಂದ್ರೆ ಗಾಬರಿ ಬೇಡ, ಬ್ರಾಡ್‌ಬ್ಯಾಂಡಿನವರು ಎಲ್ಲಿ ರಿಜಿಸ್ಟರ್ ಮಾಡಿದ್ದಾರೋ ಅದು ಬರ್ತದೆ, ಇಂಡಿಯಾ ಅಂತ ಇದ್ರೆ ಸಾಕು. ಒಂದರಲ್ಲಿ ಉದ್ದದ, ಅಕ್ಷರ ಸೇರಿದ ಐಪಿ ಬಂದ್ರೆ ಅದು ಐಪಿವಿ6. ಕೆಲವು ವಿಪಿಎನ್ ಐಪಿವಿ4 ಮಾತ್ರ ಟನಲ್ಲಿಗೆ ಹಾಕ್ತವೆ, ಐಪಿವಿ6 ಹಾಗೇ ಹೊರಗೆ ಸೋರ್ತಾ ಇರ್ತದೆ, ಜಿಯೋದಂಥ ನೆಟ್‌ವರ್ಕಲ್ಲಿ ಐಪಿವಿ6 ಧಾರಾಳ ಇರುವುದರಿಂದ ವಿಪಿಎನ್ ಆನ್ ಇದ್ರೂ ಕೆಲವು ಸೈಟು ತನ್ನಷ್ಟಕ್ಕೆ ತೆರೀತದಲ್ಲ, ಅದರ ಮರ್ಮ ಇದು. ಅದನ್ನು ನಂಬಿ ಕೂರ್ಬೇಡಿ, ವಿಪಿಎನ್ನಿನ ಮುಂದಿನ ಅಪ್‌ಡೇಟಲ್ಲಿ ಆ ತೂತು ಮುಚ್ಚಿಹೋಗ್ಬಹುದು.

ಫೋನಿನ ಪ್ರಾಕ್ಸಿ ಎಲ್ಲ ಸರಿ ಇದ್ದೂ ಮುಟ್ಲಿಕ್ಕೇ ಆಗುದಿಲ್ಲ ಅಂತಾದ್ರೆ ವಿಪಿಎನ್ನಿನ ಕಿಲ್ ಸ್ವಿಚ್ (ಟನಲ್ ಬಿದ್ರೆ ಇಂಟರ್ನೆಟ್ಟನ್ನೇ ಕಡಿಯುವ ಸೌಕರ್ಯ) ನೋಡಿ, ಅಥವಾ ಲೋಕಲ್ ನೆಟ್‌ವರ್ಕ್ ಅಂತ ಇರುವ ಸೆಟ್ಟಿಂಗ್. ಕೆಲವು ವಿಪಿಎನ್‌ಗಳು ಮನೆಯೊಳಗಿನ ನೆಟ್‌ವರ್ಕನ್ನೂ ಮುಚ್ಚಿಬಿಡ್ತವೆ, ಆಗ ಪ್ರಿಂಟರೂ ಸಿಗುದಿಲ್ಲ ಫೋನೂ ಸಿಗುದಿಲ್ಲ.

ಆಫೀಸಿನ ಲ್ಯಾಪ್‌ಟಾಪ್ ಆದ್ರೆ ಇದನ್ನೆಲ್ಲ ಮಾಡುವ ಮೊದ್ಲು ಐಟಿಯವರ ಹತ್ರ ಕೇಳಿ. ಕೆಲವು ಕಂಪೆನಿಯಲ್ಲಿ ಹೊರಗೆ ದಾರಿ ಮಾಡುವುದೇ ಪಾಲಿಸಿಗೆ ವಿರುದ್ಧ, ಪ್ರಾಕ್ಸಿ ಸೆಟ್ಟಿಂಗಿಗೆ ಬೀಗ ಹಾಕಿಟ್ಟಿರ್ತಾರೆ, ನೀವು ಬೀಗ ಒಡೆದು ಏನೋ ಮಾಡಿದ್ರೆ ಕೆಲ್ಸಕ್ಕೇ ಕುತ್ತು. ಕೇಳ್ಲಿಕ್ಕೆ ಸಂಕೋಚ ಪಡುವಂಥ ವಿಷಯವೂ ಅಲ್ಲ, 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಮೈಕ್ರೋಸಾಫ್ಟೇ ಆಫೀಸ್ 365ರ ಮುಖ್ಯ ಟ್ರಾಫಿಕ್ಕನ್ನು ವಿಪಿಎನ್ನಿನ ಹೊರಗೆ ಬಿಡಿ ಅಂತ ಕಂಪೆನಿಗಳಿಗೆ ಸಲಹೆ ಕೊಟ್ಟಿತ್ತು, ಆಫೀಸಿನ ಸರ್ವರಿಗೂ ಹೊರೆ ಕಮ್ಮಿ ಆಗ್ತದೆ ಅಂತ. "ಈ ನಾಲ್ಕು ಡೊಮೈನು ಸ್ಪ್ಲಿಟ್ ಟನಲಿಗೆ ಸೇರಿಸಿ ಕೊಡ್ತೀರಾ" ಅಂತ ಡೊಮೈನ್ ಲಿಸ್ಟ್ ಸಮೇತ ಒಂದು ಮೇಲ್ ಹಾಕಿದ್ರೆ ಒಪ್ಪಿದ್ರೂ ಒಪ್ಪಿಯಾರು. ಒಪ್ಪದಿದ್ರೆ ಆ ಲ್ಯಾಪ್‌ಟಾಪನ್ನು ಅದರ ಪಾಡಿಗೆ ಬಿಟ್ಟು, ಮನೆ ಕೆಲ್ಸಕ್ಕೆ ಬೇರೆ ಮೆಶಿನ್ ಇಟ್ಕೊಳ್ಳುದೇ ಸೈ.